ಕೊರಡು ಬೇಯಿಸುವ ನಮ್ಮತ್ತೆ

ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ, ಒಂದು ಬೆಳಿಗ್ಗೆ ಹಿತ್ತಿಲ ಒಲೆಯ ಮೇಲೆ ದೊಡ್ಡ ಹಂಡೆಯೊಂದು ಕುದಿಯುತ್ತಿರುವುದು ಕಂಡಿತು. ಸ್ನಾನಕ್ಕೆ ನೀರು ಕಾದಿದೆ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಕಡು ಟೀ ಬಣ್ಣದ ನೀರು. ಅದರಲ್ಲಿ ಯಾವುದೋ ಮರದ ಬೇರು ಕೈಕಾಲು ಚಾಚಿಕೊಂಡು ಮಲಗಿತ್ತು. ನಾನು ಕಿರುಚಿದ ಸದ್ದಿಗೆ ಅತ್ತೆ ಓಡಿ ಬಂದರು. ಬಂದವರು ನನ್ನ ಮುಖ ನೋಡಲಿಲ್ಲ, ಹಂಡೆಯ ಮುಖ ನೋಡಿದರು. "ಮುಚ್ಚಳ ಹಾಕು, ಆವಿ ಹೋಗುತ್ತೆ" ಅಂದರು. ಇವರಿಗೆ ತಲೆ ಸ್ವಲ್ಪ ಕೆಟ್ಟಿದೆ ಅಂತ ಆ ದಿನವೇ ತೀರ್ಮಾನ ಮಾಡಿದೆ. ಆ ತೀರ್ಮಾನವನ್ನು ನಾನಿನ್ನೂ ಪೂರ್ತಿ ಹಿಂದಕ್ಕೆ ತೆಗೆದುಕೊಂಡಿಲ್ಲ.

ಬೇರೆ ಮನೆಗಳಲ್ಲಿ ಕಟ್ಟಿಗೆ ಉರಿಸಿ ಅಡುಗೆ ಬೇಯಿಸುತ್ತಾರೆ. ನಮ್ಮ ಮನೆಯಲ್ಲಿ ಕಟ್ಟಿಗೆ ಉರಿಸಿ ಕಟ್ಟಿಗೆಯನ್ನೇ ಬೇಯಿಸುತ್ತಾರೆ. ಪೇಟೆಬೀದಿಯಲ್ಲಿ ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು ಮಾರುವ ಒಬ್ಬ ಅಂಗಡಿಯವನಿದ್ದಾನೆ, ಎಲ್ಲರೂ ಅವನನ್ನು ಮೀನಣ್ಣ ಅನ್ನುತ್ತಾರೆ. ತಿನ್ನುವ ಮೀನಲ್ಲ, ನೋಡುವ ಮೀನು. ಆ ತೊಟ್ಟಿಗಳೊಳಗೆ ಮೀನು ಅಡಗಲು, ಪಾಚಿ ಹಬ್ಬಲು, ಕಣ್ಣಿಗೆ ಚಂದ ಕಾಣಲು ಸೊಟ್ಟಪಟ್ಟ ಕೊಂಬೆ, ಬೇರು, ಬೊಡ್ಡೆ ಇಡುತ್ತಾರೆ. ಬಿದ್ದ ಕೊಂಬೆಯನ್ನು ಹಾಗೇ ಎತ್ತಿ ತೊಟ್ಟಿಗೆ ಹಾಕಿದರೆ ಮೀನಿನ ಗತಿ ಗೋವಿಂದ. ಅದನ್ನು ಒಣಗಿಸಬೇಕು, ತೊಗಟೆ ತೆಗೆಯಬೇಕು, ಬೇಯಿಸಬೇಕು, ನೆನೆಸಬೇಕು. ಈ ಕೆಲಸವನ್ನು ಮೀನಣ್ಣನಿಗೆ ಮಾಡಿಕೊಡುವವರು ನಮ್ಮತ್ತೆ.

ಅದಕ್ಕೂ ಮೊದಲು ಅವರು ಒಂದು ವಿದ್ಯಾರ್ಥಿ ನಿಲಯದ ಅಡುಗೆಮನೆಯಲ್ಲಿ ದೊಡ್ಡ ಕೈ. ಮಾವ ತೀರಿಕೊಂಡ ಮೇಲೆ ಅಲ್ಲಿಗೆ ಪಾತ್ರೆ ತೊಳೆಯಲು ಸೇರಿದವರು, ಸೌಟು ಹಿಡಿದರು, ಆಮೇಲೆ ಸೌಟು ಹಿಡಿದವರನ್ನೆಲ್ಲ ಹಿಡಿದರು. ಅಷ್ಟೊಂದು ಹುಡುಗರ ಹಸಿವನ್ನು ಎದುರಿಸಿದವರಿಗೆ ಯಾರ ಭಯವೂ ಇರುವುದಿಲ್ಲ. ಮೇಲ್ವಿಚಾರಕರು ಕೂಡ ಅಡುಗೆಮನೆಯ ಹೊಸ್ತಿಲ ಆಚೆ ನಿಂತೇ ಮಾತಾಡುತ್ತಿದ್ದರಂತೆ. ನಿಲಯ ಮುಚ್ಚಿದಾಗ ಉಳಿದವರು ಕುರ್ಚಿ, ಮೇಜು, ಗಡಿಯಾರ ಕೇಳಿ ತಂದರು. ಅತ್ತೆ ತಂದದ್ದು ಎಲ್ಲಕ್ಕಿಂತ ದೊಡ್ಡ ಹಂಡೆ. "ಇಬ್ಬರ ಮನೆಗೆ ಇದ್ಯಾಕಮ್ಮ?" ಅಂತ ಮಗ ಕೇಳಿದ್ದಕ್ಕೆ, "ಖಾಲಿ ಕೂತ್ರೆ ತುಕ್ಕು ಹಿಡಿಯುತ್ತೆ" ಅಂದರಂತೆ. ಹಂಡೆ ತಾಮ್ರದ್ದು. ತುಕ್ಕು ಯಾರಿಗೆ ಹಿಡಿಯುವುದಿತ್ತು ಅಂತ ಮಗನಿಗೆ ಅರ್ಥವಾಯಿತು.

ಆಮೇಲೆ ಮೀನಣ್ಣನ ಕಣ್ಣು ಆ ಹಂಡೆಯ ಮೇಲೆ ಬಿತ್ತು. ಅವನ ಕೊರಡುಗಳು ಮನೆಯ ಪಾತ್ರೆಗಳಲ್ಲಿ ಹಿಡಿಸುತ್ತಿರಲಿಲ್ಲ, ಹಿಡಿಸಿದರೂ ಅವನ ಹೆಂಡತಿ ಅವನನ್ನು ಮನೆಯಲ್ಲಿ ಹಿಡಿಸುತ್ತಿರಲಿಲ್ಲ. ಹಂಡೆ ಬಾಡಿಗೆಗೆ ಕೇಳಲು ಬಂದವನಿಗೆ ಅತ್ತೆ, "ಹಂಡೆ ಎಲ್ಲಿಗೂ ಬರಲ್ಲ. ನಿನ್ನ ಕಟ್ಟಿಗೇನೇ ಇಲ್ಲಿಗೆ ತಾ. ತಾಮ್ರ ಮೀನಿಗೆ ಆಗುತ್ತಾ?" ಅಂತ ಕೇಳಿದರಂತೆ. ಆಗುವುದಿಲ್ಲ ಅಂದ. ಅತ್ತೆ ಹಂಡೆಯನ್ನು ಪಾತ್ರೆಯಂಗಡಿಗೆ ಕೊಟ್ಟು ಅಷ್ಟೇ ದೊಡ್ಡ ಸ್ಟೀಲಿನದು ತಂದರು. ಎಷ್ಟು ದಿನ ಜೊತೆಗಿಟ್ಟುಕೊಂಡ ತಾಮ್ರದ ಹಂಡೆ! ಮುಖ ನೋಡದ ಮೀನಿಗಾಗಿ ಅದನ್ನು ಬಿಟ್ಟವರು ಅವರು.

ಕೆಲಸವನ್ನು ಅವರು ಅಡುಗೆಯಂತೆಯೇ ಮಾಡುತ್ತಾರೆ. ಬಂದ ಕೊರಡನ್ನು ಮೊದಲು ಉಗುರಿನಿಂದ ಕೆರೆದು ಮೂಸುತ್ತಾರೆ. ಹಸಿ ವಾಸನೆ ಬಂದರೆ ಗೋಡೆಗೆ ಒರಗಿಸಿ ಬಿಸಿಲಿಗೆ ಬಿಡುತ್ತಾರೆ. ರಾಳದ ವಾಸನೆ ಬಂದರೆ ಒಲೆಗೆ ಹಾಕುತ್ತಾರೆ, ಆ ಮರ ಉರಿಯಲಿಕ್ಕೇ ಹುಟ್ಟಿದ್ದು ಅನ್ನುತ್ತಾರೆ. ಯಾವ ಮರದ್ದೆಂದು ಗೊತ್ತಿಲ್ಲದ ಕೊರಡು ಮನೆಯೊಳಗೇ ಬರಬಾರದು. ತೊಗಟೆಯನ್ನು ಹಳೆಯ ಚಮಚದಿಂದ ಸುಲಿಯುತ್ತಾರೆ, ಕೊಳೆತು ಮೆತ್ತಗಾದ ಜಾಗವನ್ನು ಹಲ್ಲಿನ ಡಾಕ್ಟರರಂತೆ ಕೊರೆದು ತೆಗೆಯುತ್ತಾರೆ, ತಂತಿಯ ಬ್ರಷ್ಷಿನಿಂದ ಉಜ್ಜುತ್ತಾರೆ. ಸೋಪು ಮಾತ್ರ ಹತ್ತಿರ ಬರುವಂತಿಲ್ಲ. ಮರ ಒಂದು ಸಲ ಸೋಪು ಕುಡಿದರೆ ಬಿಡುವುದಿಲ್ಲವಂತೆ. ಒಮ್ಮೆ ನಾನು ಪಾಪ, ಸಹಾಯ ಮಾಡೋಣ ಅಂತ ಸೋಪಿನ ಡಬ್ಬಿ ಹಿಡಿದು ಹಿತ್ತಿಲಿಗೆ ಹೋದಾಗ ಅವರು ಹೌಹಾರಿದ ರೀತಿ ನೋಡಿದರೆ, ನಾನು ಕೈಯಲ್ಲಿ ಹಾವು ಹಿಡಿದಿದ್ದೆ ಅನ್ನಬೇಕು.

ಆಮೇಲೆ ಕುದಿಸುವುದು. ಕುದಿದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಿ ಬೇರೆ ನೀರು, ಮತ್ತೆ ಕುದಿ, ಮತ್ತೆ ಚೆಲ್ಲು. ಬಣ್ಣ ಹೋದ ಮೇಲೆ ತಣ್ಣೀರಿನ ಡ್ರಮ್ಮಿನಲ್ಲಿ ನೆನೆಹಾಕಿ, ಅದು ತೇಲುವ ಚಟ ಬಿಟ್ಟು ಮುಳುಗುವವರೆಗೆ ಕಾಯುವುದು. ಕೊನೆಗೆ, ಮೀನಣ್ಣ ಬೇರೆ ಯಾರಲ್ಲೂ ಕಾಣದ ಒಂದು ಕೆಲಸ. ಅತ್ತೆ ನೆನೆದ ನೀರಿಗೆ ಬೆರಳು ಅದ್ದಿ ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ಉಗಿಯುತ್ತಾರೆ. "ಒಗರು ಇನ್ನೂ ಇದೆ" ಅಂದರೆ ಕೊರಡು ಡ್ರಮ್ಮಿಗೆ ವಾಪಸ್. "ಏನೂ ಇಲ್ಲ" ಅಂದರೆ ಅಂಗಡಿಗೆ.

ನಾನು ಮೂಗು ಮುರಿಯುತ್ತಿದ್ದೆ. "ಅಯ್ಯೋ ಅತ್ತೆ, ಅದ್ರಲ್ಲಿ ಹುಳ ಹುಪ್ಪಟೆ ಎಲ್ಲ ಬೆಂದಿರುತ್ತೆ."

"ಬೆಂದಿದೆ ತಾನೆ? ಮತ್ತೇನು?" ಅನ್ನುತ್ತಿದ್ದರು. "ನಾನು ತಿನ್ನದೇ ಇರೋದನ್ನ ಯಾರಿಗೂ ಬಡಿಸಿದೋಳಲ್ಲ. ಮೀನು ಅಂದ್ರೇನು, ಬಾಯಿಲ್ವಾ ಅದಕ್ಕೆ? ಬಾಯಿ ಬಿಟ್ಕೊಂಡೇ ಇರುತ್ತಲ್ಲ ಇಡೀ ದಿನ."

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಬಂತು. ದೊಡ್ಡದೇನಲ್ಲ, ಬೀದಿಯಲ್ಲಿ ಎಲ್ಲರಿಗೂ ಬಂದು ಹೋದಂಥದ್ದೇ. ಎದ್ದು ಓಡಾಡತೊಡಗಿದರು, ಹಂಡೆ ಮತ್ತೆ ಒಲೆ ಏರಿತು, ನನ್ನ ಮೇಲೆ ರೇಗುವುದೂ ಶುರುವಾಯಿತು. ಮನೆ ಮನೆಯಂತಾಯಿತು ಅಂದುಕೊಂಡೆ. ಆದರೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಹೇಗಾಗಿದೆ?"

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ನಮ್ಮತ್ತೆ ಅಡುಗೆ ಹೇಗಾಗಿದೆ ಅಂತ ಯಾರನ್ನೂ ಕೇಳಿದವರಲ್ಲ. ಅವರ ಅಡುಗೆ ಹೇಗಾಗಿರುತ್ತದೆ ಅಂತ ಅವರಿಗೆ ಗೊತ್ತು, ತಿನ್ನುವವರ ಅಭಿಪ್ರಾಯ ತಿನ್ನುವವರ ಹಣೆಬರಹ. "ಚೆನ್ನಾಗಿದೆ" ಅಂದೆವು. ಉಪ್ಪು ನಿಜಕ್ಕೂ ಸ್ವಲ್ಪ ಮುಂದಾಗಿತ್ತು. ಜ್ವರ ಬಂದು ಎದ್ದವರು, ಇರಲಿ ಅಂತ ಹೊಟ್ಟೆಗೆ ಹಾಕಿಕೊಂಡೆವು.

ಅದಾದ ಕೆಲವೇ ದಿನಗಳಲ್ಲಿ ಮೀನಣ್ಣ ಒಂದು ಕೊರಡನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ವಾಪಸ್ ತಂದ. ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಅವನು ಒಳ್ಳೆಯವನು, ಬಾಗಿಲಲ್ಲೇ ನಿಂತು ಗೋಣಿಯ ಅಂಚನ್ನು ತಿರುವುತ್ತಿದ್ದ.

"ಅಮ್ಮ, ಇದನ್ನ ಸಣ್ಣ ತೊಟ್ಟೀಲಿ ಇಟ್ಟಿದ್ದೆ. ಮೀಸೆ ಮೀನುಗಳು ಪಕ್ಕಕ್ಕೆ ಮಲಗಿಬಿಟ್ವು. ಬೇರೆ ನೀರಿಗೆ ಹಾಕಿದ ಮೇಲೆ ಎದ್ವು, ಏನೂ ತೊಂದ್ರೆ ಇಲ್ಲ. ನೀರು ನೋಡಿದ್ರೆ ಉಪ್ಪು. ಇದು ಸಮುದ್ರದ ದಡದ್ದು ಅಂತ ಕಾಣುತ್ತೆ, ನದೀ ಕೊರಡುಗಳ ಜೊತೆ ಬೆರೆತುಬಿಟ್ಟಿದೆ. ತಪ್ಪು ನಂದೇ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಉಪ್ಪು ನೋಡಿದ್ದೆನಲ್ಲ" ಅಂದರು. ಇನ್ನೊಂದು ಸಲ, ಮೊದಲಿಗಿಂತ ಮೆಲ್ಲಗೆ, "ನಾನೇ ನೋಡಿದ್ದೆ" ಅಂದರು. ಕೊರಡನ್ನು ಅವನ ಕೈಯಿಂದ ತೆಗೆದುಕೊಂಡು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಕಿಟಕಿಯಿಂದ ನೋಡಿದೆ. ಕೊರಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದನ್ನು ನೇರವಾಗಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು, ಮತ್ತೆ ತಿರುಗಿಸಿ ಇನ್ನೊಂದು ಕಡೆ ನೋಡುತ್ತಿದ್ದರು. ನನಗೆ ಆಗ ಅರ್ಧ ಅರ್ಥವಾಯಿತು.

ಉಳಿದರ್ಧ ಮಾರನೆಯ ಬೆಳಿಗ್ಗೆ. ನಾನು ಮನೆಯಲ್ಲೇ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಆ ದಿನ ಹೊಲಿಗೆಯ ಗಡಿಬಿಡಿಯಲ್ಲಿ ಟೀಗೆ ಸಕ್ಕರೆ ಹಾಕುವುದನ್ನೇ ಮರೆತೆ. ಒಂದು ಗುಟುಕು ಕುಡಿದ ನನ್ನ ಗಂಡ ಮುಖ ಸೊಟ್ಟಗೆ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಮ್ಮ ಲೋಟ ಎತ್ತಿ ಕುಡಿದು, ತುಟಿ ಒರೆಸಿಕೊಂಡು, "ಇವತ್ತು ಸಕ್ಕರೆ ಒಂಚೂರು ಮುಂದಾಯ್ತು. ಪರವಾಗಿಲ್ಲ ಬಿಡು" ಅಂದರು.

ಮೇಜಿನ ಕೆಳಗೆ ನಾನು ಗಂಡನ ಕಾಲನ್ನು ತುಳಿದೆ. ಅವರು ತೆರೆದ ಬಾಯಿ ಮುಚ್ಚಿದರು. ಆ ಸಪ್ಪೆ ಟೀಯನ್ನು ಮೂವರೂ ಕೊನೆಯ ಗುಟುಕಿನವರೆಗೆ ಕುಡಿದೆವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಎದುರಿಗೆ ಕೂತ ನನ್ನ ಗಂಡನಿಗೆ ತನ್ನ ತಾಯಿಗೆ ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ ಅಂತ ಗೊತ್ತಾದಾಗ ಅವರ ಕಣ್ಣು ನೋಡಲು ನನಗಾಗಲಿಲ್ಲ.

ಪಾತ್ರೆ ತೊಳೆಯುವಾಗ ನಾನೇ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. "ಅತ್ತೆ, ರುಚಿ ಗೊತ್ತಾಗ್ತಿಲ್ವಾ?"

"ಯಾರು ಹೇಳಿದ್ದು?"

"ಟೀಗೆ ಸಕ್ಕರೇನೇ ಹಾಕಿರ್ಲಿಲ್ಲ ನಾನು."

ಅವರು ಉಜ್ಜುತ್ತಿದ್ದ ಲೋಟವನ್ನು ಮತ್ತೂ ಮತ್ತೂ ಉಜ್ಜಿದರು. "ಜ್ವರ ಬಂದಾಗಿನಿಂದ" ಅಂದರು. "ಬಾಯಲ್ಲಿ ಹತ್ತಿ ಇಟ್ಕೊಂಡ ಹಾಗಿದೆ. ಬಿಸಿ ಗೊತ್ತಾಗುತ್ತೆ, ತಣ್ಣಗೆ ಗೊತ್ತಾಗುತ್ತೆ. ಬೇರೆ ಏನೂ ಇಲ್ಲ. ಯಾರಿಗೂ ಹೇಳ್ಬೇಡ. ರುಚಿ ಗೊತ್ತಿಲ್ಲದ ಅಡುಗೆಯೋಳು ಅಂದ್ರೆ ಕಿವಿ ಕೇಳದ ಬಾಗಿಲು ಕಾಯೋನ ಹಾಗೆ. ಯಾರಿಗೆ ಬೇಕು?"

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. "ಬಂದರೂ ಬರಬಹುದು, ಬರದೆಯೂ ಇರಬಹುದು, ಕಾದು ನೋಡೋಣ" ಅಂತ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮನೆಗೆ ಬಂದ ಅತ್ತೆ ಹಂಡೆಯನ್ನು ಬೋರಲು ಹಾಕಿದರು. ತಮಗೆ ಮಂಡಿನೋವು ಅಂತ ಮೀನಣ್ಣನಿಗೆ ಹೇಳಿ ಕಳಿಸಿದರು. ಅಡುಗೆಮನೆಗೂ ಬರುವುದನ್ನು ಬಿಟ್ಟರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆಯ ಪ್ರಕಾರ ಅದು ನನ್ನ ಕಾಲ. ಒಲೆ, ಸೌಟು ಎಲ್ಲ ನನ್ನದೇ. ಆದರೆ ಆ ಕಾಲ ಹೀಗೆ ಬರುತ್ತದೆ ಅಂದಿದ್ದರೆ ಬರುವುದೇ ಬೇಡ ಅಂದಿರುತ್ತಿದ್ದೆ. ಹಿತ್ತಿಲ ಮೆಟ್ಟಿಲ ಮೇಲೆ ಕೈ ಕಟ್ಟಿಕೊಂಡು ಕೂರುವ ನಮ್ಮತ್ತೆಯನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ. ಅವರು ನನ್ನ ಮೇಲೆ ರೇಗುವುದನ್ನೂ ಬಿಟ್ಟಿದ್ದರು. ನಾನು ಬೇಕೆಂದೇ ಬಟ್ಟೆಗಳನ್ನು ನೆಲದ ಮೇಲೆ ಹರಡಿ ನೋಡಿದೆ, ಜಪ್ಪಯ್ಯ ಅಂದರೂ ಒಂದು ಮಾತಾಡಲಿಲ್ಲ.

ಹಾಗಿರುವಾಗ ಮೀನಣ್ಣ ತಳ್ಳುಗಾಡಿಯಲ್ಲಿ ಒಂದು ಭಾರೀ ಬೇರು ತಂದ. ಊರಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ಗೋಡೆಯುದ್ದದ ತೊಟ್ಟಿ ಇಡುತ್ತಾರಂತೆ, ಅದಕ್ಕೆ ಇದೇ ಮುಖ್ಯ. ನದಿ ಸಮುದ್ರ ಸೇರುವ ಜಾಗದಲ್ಲಿ ಸಿಕ್ಕಿದ್ದು, ಹಾಗಾಗಿ ಒಳಗೆಲ್ಲ ಉಪ್ಪು ಕುಡಿದಿದೆ ಅಂತ ಅವನೇ ಹೇಳಿದ. "ಅಮ್ಮ ಆಗೋದಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ನನಗೂ ಇಷ್ಟ ಇಲ್ಲ" ಅಂದ.

ಅತ್ತೆ ಮೆಟ್ಟಿಲ ಮೇಲಿಂದಲೇ, "ಮಂಡಿ..." ಅಂದರು.

"ಇಳಿಸಿ ಹೋಗಿ" ಅಂದೆ ನಾನು. "ಕುದಿಸೋದು ನಾನು."

ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಎಷ್ಟೋ ದಿನಗಳ ಮೇಲೆ ಆ ನೋಟ ಕಂಡು ನನಗೆ ಜೀವ ಬಂತು.

ನಾನು ಹಂಡೆ ನೇರ ಮಾಡಿದೆ, ಒಲೆ ಹೊತ್ತಿಸಿದೆ. ಅತ್ತೆ ನನ್ನ ಕಡೆ ಬೆನ್ನು ತಿರುಗಿಸಿ ಕೂತರು. ಬೆನ್ನಿಗೆ ಕಿವಿ ಇರುತ್ತದೆ ಅಂತ ನನಗೆ ಗೊತ್ತಾದದ್ದೇ ಆಗ. "ಉರಿ ಕಮ್ಮಿ ಮಾಡು, ಸದ್ದು ಕೇಳಿಸ್ತಿಲ್ವಾ?" "ಬ್ರಷ್ಷಿಂದ ಎಂಥಾ ಉಜ್ಜೋದು, ಬೆಕ್ಕಿಗೆ ತುರಿಸ್ತಿದ್ದೀಯಾ?" "ಮೊದಲ್ನೇ ನೀರು ಗಿಡಕ್ಕೆ ಹಾಕ್ಬೇಡ, ಉಪ್ಪು." ಸ್ವಲ್ಪ ಹೊತ್ತಿಗೆ ಬೆನ್ನು ತಿರುಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಬ್ರಷ್ಷು ನನ್ನ ಕೈಯಿಂದ ಅವರ ಕೈಗೆ ಹೋಯಿತು. ಮಂಡಿನೋವಿನ ಮಾತು ಯಾರೂ ಎತ್ತಲಿಲ್ಲ.

ಆದರೆ ರುಚಿ ನೋಡುವ ಹೊತ್ತು ಬಂದಾಗ ಅವರ ಕೈ ನಿಂತಿತು. ನಾನು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಇಷ್ಟು ವರ್ಷ ಮೂಗು ಮುರಿದದ್ದಕ್ಕೆ ಬಡ್ಡಿ ಸಮೇತ ಸಿಕ್ಕಿತು, ಹಳೆಯ ಕೊಡೆಯನ್ನು ನೆಕ್ಕಿದ ಹಾಗಿತ್ತು. "ಥೂ" ಅಂದೆ.

"ಥೂ ಅನ್ನೋದು ರುಚಿ ಅಲ್ಲ" ಅಂದರು ಅತ್ತೆ. "ಎಲ್ಲಿ ಹಿಡೀತು ಹೇಳು. ಕೆನ್ನೆ ಒಳಗೆ ಎಳ್ಕೊಂಡಿತಾ?"

"ಹೂಂ."

"ಅದು ಒಗರು. ಉಗಿದ ಮೇಲೂ ಗಂಟಲಲ್ಲಿ ಕೂತಿದೆಯಾ?"

"ಇಲ್ಲ."

"ಹಾಗಾದ್ರೆ ರಾಳ ಇಲ್ಲ, ಒಳ್ಳೇದಾಯ್ತು. ಉಪ್ಪು ನಾಲಗೆ ಅಂಚಲ್ಲಿ ಸಿಗುತ್ತೆ. ಬಾಯಿ ತೊಳ್ಕೊಂಡು ಇನ್ನೊಂದ್ಸಲ ನೋಡು. ಅವಸರ ಮಾಡ್ಬೇಡ, ಅದು ಕೊನೇಲಿ ಬರುತ್ತೆ."

ಹೀಗೆ ಶುರುವಾದದ್ದು ದಿನವೂ ನಡೆಯಿತು. ನೀರು ಬದಲಾಯಿಸುವುದು, ನೆನೆಸುವುದು, ನಾನು ನಾಲಿಗೆಗೆ ಹಚ್ಚುವುದು, ಅವರು ಕೆದಕಿ ಕೆದಕಿ ಕೇಳುವುದು. ನಾನು ಹೇಳುವಾಗ ಅವರ ಬಾಯಿಯೂ ಮೆಲ್ಲಗೆ ಅಲ್ಲಾಡುತ್ತಿತ್ತು. ಉಪ್ಪು ಅಂದರೆ ತುಟಿ ಬಿಗಿಯುತ್ತಿದ್ದರು, ಒಗರು ಅಂದರೆ ಅವರ ಕೆನ್ನೆಯೂ ಒಳಗೆ ಹೋಗುತ್ತಿತ್ತು. ಎದುರಿಗೆ ಕೂತು ಅದನ್ನು ನೋಡುತ್ತಿದ್ದರೆ ಸಂಕಟವೂ ಆಗುತ್ತಿತ್ತು, ಮುದ್ದೂ ಬರುತ್ತಿತ್ತು. ಹೆತ್ತ ತಾಯಿಯನ್ನೂ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಗ್ರಂಥಾಲಯದ ತೊಟ್ಟಿ ತುಂಬಿಸುವ ಹಿಂದಿನ ದಿನ ಮೀನಣ್ಣ ಗಾಡಿ ತಂದ. ಜೊತೆಗೆ ಗ್ರಂಥಾಲಯದ ಮೇಲ್ವಿಚಾರಕಿಯೂ ಬಂದಿದ್ದರು, ಬೇರು ಹೇಗೆ ಕಾಣುತ್ತದೋ ಅನ್ನುವ ಕುತೂಹಲಕ್ಕೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕುತ್ತಿದ್ದರು. ಬೇರು ಡ್ರಮ್ಮಿನ ತಳದಲ್ಲಿ ಭದ್ರವಾಗಿ ಕೂತಿತ್ತು, ಮೇಲಿನ ನೀರು ಕುಡಿಯುವ ನೀರಿನಂತೆ ತಿಳಿಯಾಗಿತ್ತು. ಅತ್ತೆ ಹೊಸ ಸೀರೆ ಉಟ್ಟುಕೊಂಡಿದ್ದರು. ಬೇರಿಗೆ ಉಟ್ಟದ್ದೋ ಬಂದವರಿಗೆ ಉಟ್ಟದ್ದೋ ತಿಳಿಯದು.

"ಎಷ್ಟು ಚೆನ್ನಾಗಿದೆ!" ಅಂದರು ಮೇಲ್ವಿಚಾರಕಿ.

"ತಗೊಂಡು ಹೋಗು, ಆಗಿದೆ" ಅಂತ ಅತ್ತೆ ಮೀನಣ್ಣನಿಗೆ ಅಂದರು. ಅಂದ ಮೇಲೆ ರೂಢಿಯಂತೆ ನನ್ನ ಕಡೆ ನೋಡಿದರು. ನಾನು ಬೆರಳು ಅದ್ದಿ ನೋಡಿದೆ. ಏನೂ ಇಲ್ಲ. ಕಾದೆ. ಕೊನೆಗೆ, ನಾಲಿಗೆಯ ಅಂಚಿನಲ್ಲಿ, ತೀರಾ ಸಣ್ಣದಾಗಿ ಬಂತು.

"ಇನ್ನೂ ಇದೆ ಅತ್ತೆ" ಅಂದೆ.

ಅತ್ತೆ "ಆಗಿದೆ" ಅಂದ ಮೇಲೆ "ಇಲ್ಲ" ಅಂದವರು ಆ ನಿಲಯದಲ್ಲೂ ಇರಲಿಲ್ಲ, ಈ ಮನೆಯಲ್ಲೂ ಇರಲಿಲ್ಲ. ಅದೂ ನಾಲ್ಕು ಜನರ ಎದುರಿಗೆ, ಸೊಸೆ. ಅವರ ಕಿವಿ ಕೆಂಪಾಯಿತು. ಗಾಡಿಯ ಹಗ್ಗ ಬಿಚ್ಚುತ್ತಿದ್ದ ಮೀನಣ್ಣನಿಗೆ ನಗು ಬಂತು. "ಅಮ್ಮ ನೋಡಿರ್ತಾರಲ್ಲಕ್ಕ" ಅಂದ. "ಅಮ್ಮನ ನಾಲಗೆ ಮುಂದೆ ಬೇರೆ ನಾಲಗೆ ಉಂಟಾ?"

ಅತ್ತೆ ಹೂಂ ಅಂದಿದ್ದರೆ ಸಾಕಿತ್ತು. ಅವರ ಮರ್ಯಾದೆ ಉಳಿಯುತ್ತಿತ್ತು, ಬೇರು ಗಾಡಿ ಏರುತ್ತಿತ್ತು, ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಅವರು ಡ್ರಮ್ಮಿನ ಅಂಚು ಹಿಡಿದುಕೊಂಡು ಆ ತಿಳಿ ನೀರನ್ನೇ ನೋಡುತ್ತ ನಿಂತರು.

"ನಾನು ನೋಡಿಲ್ಲ" ಅಂದರು. "ನೋಡಿದ್ರೂ ಗೊತ್ತಾಗಲ್ಲ ನಂಗೆ. ಜ್ವರ ಬಂದಾಗ ರುಚಿ ಹೋಯ್ತು, ಬಂದಿಲ್ಲ. ಅವತ್ತು ನಿನ್ನ ಮೀನು ಮಲಗಿದ್ದು ನನ್ನಿಂದಾನೇ. ಮಂಡಿನೋವು ಅಂದಿದ್ದು ಸುಳ್ಳು." ಆಮೇಲೆ ನನ್ನ ಕಡೆ ಗಲ್ಲ ತೋರಿಸಿ, "ಇವಳಿಗೆ ಗೊತ್ತಾಗುತ್ತೆ. ಇವಳು ಇದೆ ಅಂದ್ರೆ ಇದೆ" ಅಂದರು.

ಮೀನಣ್ಣ ಬಿಚ್ಚಿದ ಹಗ್ಗವನ್ನು ಏನು ಮಾಡುವುದೆಂದು ತಿಳಿಯದೆ ಕೈಗೆ ಸುತ್ತಿಕೊಂಡ. ಮೇಲ್ವಿಚಾರಕಿ, ತೊಟ್ಟಿ ಇನ್ನೂ ಕೆಲವು ದಿನ ಖಾಲಿ ಇದ್ದರೇನು, ಓದುವವರು ಪುಸ್ತಕ ನೋಡಲಿ ಅಂದರು. ಗೋಡೆಯ ಮೇಲಿನ ತಲೆಗಳು ಒಂದೊಂದಾಗಿ ಇಳಿದವು. ನಾನು ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ.

"ಬಾಯಿ ಬಿಟ್ಕೊಂಡು ನಿಂತ್ಕೋಬೇಡ" ಅಂತ ಅತ್ತೆ ರೇಗಿದರು. "ಆ ಕಡೆ ಹಿಡಿ. ನೀರು ಚೆಲ್ಲೋಣ."

ಹಿಡಿದೆ. ಇಬ್ಬರೂ ಸೇರಿ ಡ್ರಮ್ಮು ವಾಲಿಸಿದೆವು. ನೀರು ಹಿತ್ತಿಲ ಕಲ್ಲಿನ ಮೇಲೆ ಹರಿದು, ಅವರ ಹೊಸ ಸೀರೆಯ ಅಂಚು ತೊಯ್ದುಹೋಯಿತು. ಅವರು ಲೆಕ್ಕಿಸಲಿಲ್ಲ.

"ಎಷ್ಟಿತ್ತು ಉಪ್ಪು?" ಅಂತ ಕೇಳಿದರು.

"ಕೆಲ್ಸ ಮಾಡ್ತಾ ಮಾಡ್ತಾ ಬೆವರು ತುಟಿಗೆ ಬರುತ್ತಲ್ಲ ಅತ್ತೆ, ಅದರಷ್ಟೂ ಇಲ್ಲ. ಅದರಲ್ಲಿ ಅರ್ಧ."

ಅತ್ತೆ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಹಾಗಾದ್ರೆ ಇನ್ನೊಂದು ನೀರು ಸಾಕು" ಅಂದರು.